ತುಂಬಿದ ಕರುಳಿನ ತೂಕ

ಓಬಳೇಶನ ಕೈ ಅಂದ್ರ ಅದೇನು ಕೈ ಅಂತೀರಿ! ಒಂದು ಬದನಿಕಾಯಿ ಅಂಗೈಯಾಗ ಇಟ್ರ ಸಾಕು, ಕಣ್ಣು ಅರ್ಧ ಮುಚ್ಚಿ "ಏಳೂವರಿ ತೊಲ" ಅಂತಿದ್ದ. ತಕ್ಕಡಿಗೆ ಹಾಕಿ ನೋಡಿದ್ರ ಬರೋಬ್ಬರಿ ಏಳೂವರಿ! ಸೊಂಡೂರಿನ ಮ್ಯಾಂಗನೀಸ್ ಗಣ್ಯಾಗ ಹತ್ತು ವರ್ಷ ಅದಿರು ತೂಗಿ ತೂಗಿ ಬಂದಿದ್ದ ವಿದ್ಯಾ ಅದು. ಹೊಸಪೇಟಿ ಸಂತ್ಯಾಗ ಕಾಯಿಪಲ್ಲೆ ಮಾರೋ ಹೆಂಗಸ್ರು ಅವನ್ನ ಕಂಡ್ರ ಬುಟ್ಟಿ ಮ್ಯಾಲ ಸೆರಗು ಎಳೀತಿದ್ರು, "ಬಂತು ನೋಡ್ರವ್ವಾ ಸುಡುಗಾಡು ತಕ್ಕಡಿ" ಅಂತ. ಅದನ್ನ ಕೇಳಿ ಅವಗ ಒಳಗೊಳಗ ಖುಷಿನೋ ಖುಷಿ.

ಇಂಥಾ ಕೈ ಇದ್ದ ಮನುಷ್ಯ ಜೀವನದಾಗ ಒಂದೇ ಒಂದು ಸಲ ಸುಳ್ಳು ತೂಕ ಹೇಳಿದ. ಅದೂ ಎಲ್ಲಿ? ಹೆತ್ತ ತಾಯಿ ಒಲಿ ಮುಂದ ಕುಂತು.

ಅದು ಮೂವತ್ತೆಂಟನೇ ಇಸವಿ. ಮದ್ರಾಸಿನಾಗ ಓದಿದ ಡಾಕ್ಟರ್ ಮರುಳಸಿದ್ದಪ್ಪ ಅನ್ನೋರು ಹೊಸಪೇಟಿಗೆ ಬಂದ್ರು. ಅವರ ಕೆಲಸ ಜ್ವರಕ್ಕ ಔಷಧಿ ಕೊಡೋದಲ್ಲ, ಮಂದಿ ಏನು ತಿಂತಾರ, ಅದರಾಗ ಮೈಗೆ ಹತ್ತೋದು ಎಷ್ಟು ಅಂತ ನೋಡೋದು! ಕಮಲಾಪುರ, ಹಂಪಿ, ಕಂಪ್ಲಿ ಅಂತ ಊರೂರಿಗೆ ಹೋಗಿ, ಓಣಿ ಓಣ್ಯಾಗ ಚೀಟಿ ಎತ್ತಿ, ಯಾವ ಮನಿ ಬರ್ತೈತೋ ಆ ಮನ್ಯಾಗ ಮುಂಜಾನಿಯಿಂದ ಸಂಜಿತನ ಕುಂತು, ಬೇಯ್ಸೋಕ್ಕಿಂತ ಮೊದಲು ಒಂದ್ಸಲ, ಬೆಂದ ಮ್ಯಾಲ ಒಂದ್ಸಲ ಎಲ್ಲಾ ತೂಗೋದು. ಆಮ್ಯಾಲ ಇಂಗ್ಲಿಷ್ ಪುಸ್ತಕದ ಟೇಬಲ್ ಬಿಚ್ಚಿ, ಇಷ್ಟು ಜ್ವಾಳದಾಗ ಇಷ್ಟು ಪ್ರೋಟೀನು, ಇಷ್ಟು ಕೊಬ್ಬು, ಇಷ್ಟು ವೈಟಮಿನ್ನು ಅಂತ ಬರ್ಯೋದು. ತೂಗಾಕ ಓಬಳೇಶ, ಬರ್ಯಾಕ ಕೊಟ್ರಯ್ಯ.

ಕೊಟ್ರಯ್ಯ ಹೊಸಪೇಟಿಯವನೇ, ಲಿಂಗಪೂಜಿ ಆಗೋತನ ನೀರೂ ಮುಟ್ಟದ ಮನಿ. ಓಬಳೇಶನ ವಯಸ್ಸಿನವ, ಅವನ ದೋಸ್ತ. ಓಬಳೇಶ ಮಲಗ್ತಿದ್ದದ್ದು ಅವರ ಮನಿ ಕಟ್ಟಿ ಮ್ಯಾಲನೇ. ಕೊಟ್ರಯ್ಯನ ತಾಯಿ ಕೊಟ್ರಬಸಮ್ಮ ದಿನಾ ಎರಡು ರೊಟ್ಟಿ ಬಡದು, ಮ್ಯಾಲ ಒಂದು ಮುದ್ದಿ ಬೆಣ್ಣಿ ಇಟ್ಟು ಕೊಡ್ತಿದ್ರು. ಮೊದಲ ದಿನನೇ ಕೇಳಿದ್ರು, "ನಿಮ್ದು ಯಾವ ಮಂದಿನಪ್ಪಾ?"

"ಸೊಂಡೂರು ಕಡೆಯೋರ್ರಿ ಅಮ್ಮಾರ. ಗಾಡಿ ಹೊಡಿಯೋರು" ಅಂದಿದ್ದ ಓಬಳೇಶ.

ಪೂರಾ ಸುಳ್ಳಲ್ಲ ನೋಡ್ರಿ. ಸೊಂಡೂರಾಗ ಅವನ ಸ್ವಾದರಮಾವ ಗಣಿ ಗಾಡಿ ಹೊಡೀತಿದ್ದದ್ದು ಖರೆ. ಆದ್ರ ಓಬಳೇಶ ಹುಟ್ಟಿದ್ದು ಕಂಪ್ಲಿ ಹೊಳಿ ದಂಡಿಗೆ, ಏಳು ಗುಡಿಸಲಿನ ಹಂದಿ ಸಾಕೋರ ಕೇರ್ಯಾಗ. ಅಪ್ಪ ಸತ್ತ ಮ್ಯಾಲ ಮಾವ ಕರಕೊಂಡು ಹೋಗಿದ್ದ. ಅವ್ವ ಜಂಬವ್ವ, ತಂಗಿ ನಿಂಗಕ್ಕ ಅಲ್ಲೇ ಉಳದಿದ್ರು. ಎರಡು ವರ್ಷಕ್ಕೊಮ್ಮೆ ಹೋಗಿ, ಒಂದು ಸೀರಿ ಕೊಟ್ಟು, ಮಂದಿ ಕಣ್ಣಿಗೆ ಬೀಳದಂಗ ಹರಗೋಲು ಹತ್ತಿ ವಾಪಸ್ ಬರ್ತಿದ್ದ.

ಕೆಲಸ ಮಾಡೋ ಪದ್ಧತಿ ಒಂದೈತಲ್ಲ, ಅದನ್ನ ಹೇಳಲೇಬೇಕು. ಮ್ಯಾಲಿನ ಓಣ್ಯಾಗ ಕೊಟ್ರಯ್ಯ ಅಡಿಗಿಮನಿ ಒಳಗ ಹೋಗಿ ಪಾತ್ರಿ ಹೊರಗ ತರ್ತಿದ್ದ, ಓಬಳೇಶ ಕಟ್ಟಿ ಮ್ಯಾಲ ಕುಂತು ತೂಗ್ತಿದ್ದ. ಕೆಳಗಿನ ಕೇರಿಗೆ ಬಂದ್ರ ಎಲ್ಲಾ ಉಲ್ಟಾ! ಡಾಕ್ಟರು, ಕೊಟ್ರಯ್ಯ ಇಬ್ರೂ ಹೊರಗ ಗಿಡದ ನೆಳ್ಳಿಗೆ ನಿಲ್ತಿದ್ರು. ಓಬಳೇಶ ಒಬ್ಬನೇ ತಕ್ಕಡಿ ತಗೊಂಡು ಒಳಗ ಹೋಗಿ, ತೂಗಿ, ಅಲ್ಲಿಂದಾನೇ ಕೂಗಬೇಕು. ಅವ ಕೂಗಿದ್ದು ಕೊಟ್ರಯ್ಯ ಬರೀಬೇಕು. ಒಳಗ ಏನೈತಿ ಅನ್ನೋದಕ್ಕ ಅವನ ಬಾಯಿ ಬಿಟ್ರ ಬ್ಯಾರೆ ಸಾಕ್ಷಿ ಇಲ್ಲ.

ಕಂಪ್ಲಿ ಪ್ಯಾಟಿ ಓಣ್ಯಾಗ ಏನಾತು ಗೊತ್ತೇನ್ರಿ? ಮೊದಲನೇ ಮನ್ಯಾಗ ಒಂದು ತುಪ್ಪದ ಗಿಂಡಿ ಬಂತು, ತೂಗಿದ. ಎರಡನೇ ಮನ್ಯಾಗೂ ತುಪ್ಪದ ಗಿಂಡಿ. ಮೂರನೇ ಮನ್ಯಾಗ ಬಂದಾಗ ಓಬಳೇಶ ಗಿಂಡಿ ಹಿಡದು ನಗಾಕ ಹತ್ತಿದ. "ಸರ್, ಈ ಗಿಂಡಿ ಕಂಠ ನೋಡ್ರಿ, ತಗ್ಗು ಬಿದ್ದೈತಿ. ಮೂರು ಮನ್ಯಾಗೂ ಇದೇ ತಗ್ಗು! ಹಿತ್ತಲ ಬಾಗಲಿಂದ ನಮಗಿಂತ ಜಲ್ದಿ ಓಡಿ ಬರಾಕ ಹತ್ತೈತಿ ಇದು!"

ಡಾಕ್ಟರು ಹೊಟ್ಟಿ ಹಿಡಕೊಂಡು ನಕ್ರು. ಆಮ್ಯಾಲ ಕೇಳಿದ್ರು, "ಯಾಕ ಹಿಂಗ ಮಾಡ್ತಾರೋ ಓಬಳೇಶ? ನಾವೇನು ತುಪ್ಪ ಕಸಗೊಂಡು ಹೋಗ್ತೀವೇನು?"

"ನಾಚಿಕಿ ಸರ್. ಮನ್ಯಾಗ ತುಪ್ಪ ಇಲ್ಲ ಅಂತ ಪುಸ್ತಕದಾಗ ಬಂದ್ರ ಮರ್ಯಾದಿ ಏನು?" ಅಂದ ಓಬಳೇಶ. ಅಂದು, ಎದಿ ಉಬ್ಬಿಸಿ ಒಂದು ಮಾತು ಸೇರಿಸಿದ. "ಆದ್ರ ಸುಳ್ಳು ತೂಕ ನನ್ನ ಮುಂದ ನಡ್ಯಂಗಿಲ್ಲ ಬಿಡ್ರಿ."

ಮರುದಿನ ಕೆಳಗಿನ ಕೇರಿಗಳ ಚೀಟಿ. ಡಾಕ್ಟರ ಟೊಪ್ಪಿಗ್ಯಾಗ ಕೈ ಹಾಕಿ ಎತ್ತಿದವ ಓಬಳೇಶನೇ. ಬಿಚ್ಚಿ ಓದಿದ: ಹೊಳಿ ದಂಡಿ, ನಾಲ್ಕನೇ ಗುಡಿಸಲು, ಜಂಬವ್ವ.

ಅಂಗೈಯಾಗಿದ್ದ ಆ ಚೀಟಿ ಎಷ್ಟು ತೂಕಿತ್ತು ಅಂತ ಮಾತ್ರ ಅವಗ ಹೇಳಾಕ ಬರಲಿಲ್ಲ.

ಹೋಗಬೇಕಾತು, ಹೋದ. ಕೇರ್ಯಾಗ ದೊಡ್ಡೋರು ಯಾರೂ ಇರಲಿಲ್ಲ, ಹಂದಿ ಹೊಡಕೊಂಡು ಹೋಗಿದ್ರು. ಸಣ್ಣ ಹುಡುಗ್ರಿಗೆ ಇವನ ಮುಖ ಗೊತ್ತಿಲ್ಲ. ಡಾಕ್ಟರು ಬೇವಿನ ಗಿಡದ ಕೆಳಗ ಆ ಹುಡುಗ್ರನ್ನ ಸಾಲಾಗಿ ನಿಲ್ಲಿಸಿ ಬಾಯಿ ತೆರಸಿ ನೋಡಾಕ ಹತ್ತಿದ್ರು. ಓಬಳೇಶ ತಲಿ ತಗ್ಗಿಸಿ ಗುಡಿಸಲೊಳಗ ನುಗ್ಗಿದ.

ಒಳಗ ಹೊಗಿ. ಮೂಲ್ಯಾಗ ಹೊರಸಿನ ಮ್ಯಾಲ ನಿಂಗಕ್ಕ, ಹೆರಿಗಿಗೆ ತವರಿಗೆ ಬಂದಾಕಿ, ಮಗ್ಗಲಾಗ ಐದು ದಿನದ ಕೂಸು. ಒಲಿ ಮುಂದ ಅವ್ವ. ಇವನ್ನ ಕಂಡ ಕೂಡಲೇ ಆಕಿ ಮುಖ ದೀಪ ಹಚ್ಚಿದಂಗ ಆತು. "ಲೇ ಓಬ್ಯಾ" ಅನ್ನಾಕ ಬಾಯಿ ತೆರದಿದ್ಲು. ಅಷ್ಟರಾಗ ಇವ ಕಣ್ಣಿಂದ ಹೊರಗ ತೋರಿಸಿ, ತುಟಿ ಮ್ಯಾಲ ಬೆರಳಿಟ್ಟ.

ತಾಯಿ ಅಲ್ಲೇನ್ರಿ, ತಿಳೀತು. ತೆರದ ಬಾಯಿ ಮುಚ್ಚಿದ್ಲು. ಸೆರಗು ತಲಿ ಮ್ಯಾಲ ಎಳಕೊಂಡ್ಲು. "ಬರ್ರಿ" ಅಂದ್ಲು. "ಕುಂದ್ರಿ."

ಹೆತ್ತ ಮಗನಿಗೆ!

ಜ್ವಾಳದ ಹಿಟ್ಟು ತೂಗಿದ, ಕೂಗಿದ. ಹುಣಸಿಹಣ್ಣು, ಕೂಗಿದ. ಹೊರಗಿಂದ ಕೊಟ್ರಯ್ಯ, "ಮನಿ ಮಂದಿ ಎಷ್ಟು ಕೇಳೋ! ಗಂಡುಮಕ್ಕಳು?" ಅಂದ.

ಕೇಳಬೇಕಾತಲ್ಲ. ಅವ್ವನ ಮುಖ ನೋಡದಂಗ, ತಕ್ಕಡಿ ನೋಡ್ಕೋತ, "ಗಂಡುಮಕ್ಕಳು ಎಷ್ಟವ್ವಾ ನಿನಗ?" ಅಂದ.

"ಒಬ್ಬ ಅದಾನ್ರಿ" ಅಂದ್ಲು ಜಂಬವ್ವ. "ಊರಾಗಿಲ್ರಿ. ದೂರ ಅದಾನ."

"ಮಗ ಒಬ್ಬ, ಊರಾಗಿಲ್ಲ" ಅಂತ ಕೂಗಿದ ಓಬಳೇಶ. ದನಿ ಸಲ್ಪನೂ ನಡುಗಲಿಲ್ಲ. ಅದನ್ನ ನೆನಸಿಕೊಂಡ್ರೇ ಮುಂದ ಎಷ್ಟೋ ವರ್ಷ ಅವಗ ಊಟ ಗಂಟಲಾಗ ನಿಲ್ತಿತ್ತು.

ಆಮ್ಯಾಲ ಅವ್ವ ಒಲಿ ಹಿಂದಿಂದ ಒಂದು ಗಡಿಗಿ ಎಳದು ಮುಚ್ಚಳ ತೆಗದ್ಲು. ತುಂಬಿದ ಕರುಳು! ಹಂದಿ ಕರುಳು ತೊಳದು, ಅದರೊಳಗ ಸಣ್ಣಗ ಕೊಚ್ಚಿದ ಮಾಂಸ, ಕೊಬ್ಬು, ಬಳ್ಳೊಳ್ಳಿ, ಕೆಂಪು ಖಾರ, ಒಂದು ಹಿಡಿ ಜ್ವಾಳದ ನುಚ್ಚು ತುಂಬಿ, ಎರಡೂ ಕಡೆ ದಾರ ಕಟ್ಟಿ, ಕುದಿಸಿ, ಆಮ್ಯಾಲ ಕೆಂಡದ ಮ್ಯಾಲ ಸುಟ್ಟದ್ದು. ಆ ಕೇರ್ಯಾಗ ಬಾಣಂತಿಗೆ ಐದನೇ ದಿನ ಇದನ್ನ ಕೊಟ್ಟ ಮ್ಯಾಲನೇ ಉಳದೋರು ತಿನ್ನೋದು. ಹಂಗ ಅಲ್ಲಿಂದ ತಿಂಗಳೊಪ್ಪತ್ತು ದಿನಾ ಒಂದು ತುಂಡು, ಬಾಣಂತಿ ಎದ್ದು ಓಡಾಡೋತನ. ಓಬಳೇಶ ಹುಟ್ಟಿದಾಗ ಜಂಬವ್ವನೂ ತಿಂದಿದ್ಲು, ಅದರ ಹಾಲನ್ನೇ ಇವ ಕುಡದಿದ್ದ. ಮೊದಲ ಪಾಲು ಮಗ ಬಂದ ದಿನನೇ ಬಂತಲ್ಲ ಅಂತ ಆಕಿಗೆ ಹಿಗ್ಗು. ಪರಾತದಾಗ ಇಟ್ಟು ತಕ್ಕಡಿ ಕಡೆ ಸರಿಸಿ, "ಇದನ್ನ ತೂಗ್ರಿ" ಅಂದ್ಲು. "ನಮ್ಮ ಮನಿದು ಇದು ಭಾಳ ಜೋರು ತೂಗ್ತೈತಿ."

ಸುಟ್ಟ ಕೊಬ್ಬಿನ ವಾಸನಿ ಹೊರಗ ಹೋತು. ಹೊರಗ ಕೊಟ್ರಯ್ಯ ಕೆಮ್ಮಿ, "ಏನೋ ಅದು ಹೊಲಸು ನಾರಾಕ ಹತ್ತೈತಿ? ಜಲ್ದಿ ಮುಗಸಿ ಬಾರೋ ಮಾರಾಯ!" ಅಂದ.

ಓಬಳೇಶನ ಕಿವಿ ಕೆಂಪಾದ್ವು. ಪರಾತ ಹಿಂದಕ್ಕ ನೂಕಿ, ಗಣ್ಯಾಗ ಸಾಹೇಬರು ಮಾತಾಡ್ತಾರಲ್ಲ, ಆ ದನ್ಯಾಗ, "ಇದು ಬ್ಯಾಡ" ಅಂದ. "ಸರ್ಕಾರದ ಪುಸ್ತಕದಾಗ ಇದು ಊಟ ಅಲ್ಲ. ಇದರಾಗ ಮೈಗೆ ಹತ್ತೋದು ಏನೂ ಇಲ್ಲ."

ಜಂಬವ್ವ ಅವನ ಮುಖ ನೋಡಿದ್ಲು. ಪರಾತ ನೋಡಿದ್ಲು. "ಹೌದೇನ್ರಿ?" ಅಂದ್ಲು, ಅಷ್ಟೇ. ಮುಚ್ಚಳ ಹಾಕಿದ್ಲು.

ಓಬಳೇಶ ಹೊರಗ ಕೂಗಿದ, "ಜ್ವಾಳದ ಗಂಜಿ, ಹುಣಸಿ ಸಾರು. ಮತ್ತೇನಿಲ್ಲ!"

ಇಲ್ಲಿಗೆ ಮುಗೀತು ಅಂದಕೊಂಡಿದ್ದ ಪಾಪ. ಹದಿನೈದು ದಿನ ಆದ ಮ್ಯಾಲ ಹೊಸಪೇಟಿ ಆಫೀಸಿನಾಗ ಡಾಕ್ಟರು ಟೇಬಲ್ ತುಂಬ ಕಾಗದ ಹರವಿಕೊಂಡು ತಲಿ ಕೆರಕೋತ ಕುಂತಿದ್ರು. "ಇದೇನು ವಿಚಿತ್ರನೋ! ಅಕ್ಕಿ ಗಿರಣಿ ಓಣಿ ಹುಡುಗ್ರಿಗೆ ಬಾಯಿ ಮೂಲ್ಯಾಗ ಹುಣ್ಣು, ಕಾಲಾಗ ಶಕ್ತಿ ಇಲ್ಲ. ಬರೇ ಬಿಳೆ ಅನ್ನ ತಿಂದು ಹಂಗಾಗ್ಯಾರ, ಅದು ಸೈ. ಈ ಹೊಳಿ ದಂಡಿ ಹುಡುಗ್ರು? ಬರೇ ಗಂಜಿ! ಆದ್ರ ಒಬ್ಬನ ಬಾಯಾಗೂ ಹುಣ್ಣಿಲ್ಲ, ಹಲ್ಲು ನೋಡಿದ್ರ ಬೆಣಚುಕಲ್ಲು ಇದ್ದಂಗ ಅದಾವ. ಹಂಗಂದ್ರ ಗಂಜಿನೇ ಸಾಕು ಅಂತ ಬರೀಲೇನು ನಾನು? ಬರದ್ರ ನಾಳೆ ಬಡವರ ಮಕ್ಕಳಿಗೆಲ್ಲಾ ಸರ್ಕಾರ ಗಂಜಿನೇ ಗತಿ ಅಂತೈತಿ."

ಕೊಟ್ರಯ್ಯ ನಕ್ಕ. "ತೂಕ ತಪ್ಪಿರಬೇಕು ಸರ್."

"ಓಬಳೇಶನ ತೂಕ ತಪ್ಪೋದಾ? ಹುಚ್ಚೇನು ನಿನಗ!" ಅಂದ್ರು ಡಾಕ್ಟರು.

ಹೊಡದಿದ್ರೂ ಅಷ್ಟು ನೋಯ್ತಿರಲಿಲ್ಲ ಅವಗ.

ಒಂದ್ಸಲ ಮತ್ತ ಹೋಗಿ ನೋಡೋಣ ಅಂತಾತು. ಮೊದಲ ಸಲ ಹೋಗಿ ಮೂರು ವಾರ ಆದ ಮ್ಯಾಲ ಮತ್ತದೇ ಬೇವಿನ ಗಿಡ, ಮತ್ತದೇ ಗುಡಿಸಲು. ಓಬಳೇಶ ಒಳಗ ಕಾಲಿಟ್ಟ. ಹೊರಸಿನ ಮ್ಯಾಲ ನಿಂಗಕ್ಕ ಇದ್ಲು, ಆದ್ರ ಆಕಿ ಅರ್ಧ ಇದ್ಲು. ಕೆನ್ನಿ ಒಳಗ ಹೋಗಿದ್ವು, ತುಟಿ ಬೆಳ್ಳಗಾಗಿದ್ವು. ಕೂಸು ಎದಿ ಚೀಪಿ ಚೀಪಿ, ಹಾಲು ಬರದ್ದಕ್ಕ ಕಿರಚಾಕ ಹತ್ತಿತ್ತು. ಮಗ್ಗಲಾಗ ಒಂದು ತಾಟು ಗಂಜಿ.

"ಏನಾತವ್ವಾ ಈಕಿಗೆ?"

ಜಂಬವ್ವ ಒಲಿ ಊದ್ತಿದ್ದಾಕಿ ತಿರುಗಲೇ ಇಲ್ಲ. "ಏನಿಲ್ರಿ. ಗಂಜಿ ಕುಡೀತಾಳ."

"ತುಂಬಿದ ಕರುಳು ಕೊಡಲಿಲ್ಲೇನು?"

"ಅದು ಊಟ ಅಲ್ಲಂತಲ್ರಿ" ಅಂದ್ಲು ಅವ್ವ. ಕುಚೋದ್ಯ ಇಲ್ಲ, ಸಿಟ್ಟಿಲ್ಲ, ಗೊತ್ತಿರೋ ವಿಷಯ ಹೇಳಿದಂಗ. "ಅವತ್ತೇ ಎಲ್ಲಾ ಮಂದಿಗೆ ಹಂಚಿಬಿಟ್ಟೆ. ಮೈಗೆ ಹತ್ತದೇ ಇರೋದನ್ನ ಹಸಿ ಬಾಣಂತಿಗೆ ಯಾಕ ಕೊಡಲಿ?"

ಓಬಳೇಶ ಅಲ್ಲೇ ನೆಲಕ್ಕ ಕುಂತ. ಒಂದು ಮಾತು! ಕೊಟ್ರಯ್ಯ ಮೂಗು ಮುಚ್ಚಿಕೊಂಡ ಅಂತ, ತನ್ನ ಎರಡು ರೊಟ್ಟಿ, ಕಟ್ಟಿ ಮ್ಯಾಲಿನ ಚಾಪಿ ಉಳೀಲಿ ಅಂತ ಆಡಿದ ಒಂದು ಮಾತು! ಕೂಸನ್ನ ಎತ್ತಿಕೊಂಡ. ಕೈಗೆ ತನ್ನಿಂದ ತಾನೇ ತೂಕ ತಿಳೀತು, ತಿಳೀಬಾರದಿತ್ತು ಅನ್ನಿಸ್ತು. ಇಷ್ಟು ದಿನದ ಕೂಸು ಇಷ್ಟೇ ಇರಬಾರದು.

ಕೂಸನ್ನ ತಂಗಿ ಮಗ್ಗಲಾಗ ಇಟ್ಟು, ಹೊರಗ ಬಂದ. ಗಿಡದ ಕೆಳಗ ಕೊಟ್ರಯ್ಯ ಮಸಿಕುಡಿಕಿ ಬಿಚ್ಚಿಕೊಂಡು ಕುಂತಿದ್ದ.

"ಹಳೇ ಹಾಳಿ ತೆಗಿ ಕೊಟ್ರಯ್ಯ. ಎರಡು ತಪ್ಪದಾವ."

"ಎರಡೇನೋ?"

"ಒಂದು, ಮತ್ತೇನಿಲ್ಲ ಅಂತ ಬರದೀಯಲ್ಲ, ಇತ್ತು. ಹಂದಿ ಕರುಳಾಗ ಮಾಂಸ ತುಂಬಿ ಬೇಯ್ಸಿದ್ದು, ಒಂದು ಗಡಿಗಿ. ನಾನೇ ತೂಗಲಿಲ್ಲ."

"ಮತ್ತೊಂದು?"

ಓಬಳೇಶ ಡಾಕ್ಟರ ಕಡೆ ನೋಡಲಿಲ್ಲ, ಕೊಟ್ರಯ್ಯನ ಕಡೇನೂ ನೋಡಲಿಲ್ಲ, ಮಸಿಕುಡಿಕಿ ನೋಡಿದ. "ಮಗ ಊರಾಗಿಲ್ಲ ಅಂತ ಬರದೀಯಲ್ಲ. ಇದ್ದ. ನಾನೇ ಅವ."

ಕೊಟ್ರಯ್ಯನ ಕೈಯಾಗಿದ್ದ ಟಾಕಿನಿಂದ ಒಂದು ಹನಿ ಮಸಿ ಹಾಳಿ ಮ್ಯಾಲ ಬಿತ್ತು. "ನಮ್ಮವ್ವ ನಿನಗ ಬೆಣ್ಣಿ ಹಾಕಿ ರೊಟ್ಟಿ ಕೊಟ್ಟಾಳಲ್ಲೋ" ಅಂದ. "ನನಗರ ಹೇಳಬಾರದಾ?"

"ಹೇಳಿದ್ರ ಕೊಡ್ತಿದ್ರೇನು?"

ಕೊಟ್ರಯ್ಯ ತಪ್ಪಿದ ಎರಡು ಸಾಲಿನ ಮ್ಯಾಲ ಗೆರಿ ಎಳದ. ಅವತ್ತಿಂದ ಓಬಳೇಶ ಆಫೀಸಿನ ಪಡಸಾಲ್ಯಾಗ ಮಲಗಿದ. ಕೊಟ್ರಬಸಮ್ಮ ಬಾ ಅಂತನೂ ಹೇಳಿ ಕಳಸಲಿಲ್ಲ, ಬ್ಯಾಡ ಅಂತನೂ ಹೇಳಿ ಕಳಸಲಿಲ್ಲ.

ಡಾಕ್ಟರಿಗೆ ಮಾತ್ರ ಬ್ಯಾರೆನೇ ಹುರುಪು! "ಏ, ಇದನ್ನ ಇಂಗ್ಲಿಷರು ಸಾಸೇಜ್ ಅಂತಾರೋ! ಪುಸ್ತಕದಾಗ ಐತಿ, ಅವರ ದೇಶದ್ದು. ನಮ್ಮ ಕಡೇದು ಯಾರೂ ತೂಗೇ ಇಲ್ಲ!" ಅಂತ, ಕರವಸ್ತ್ರ ಮೂಗಿಗೆ ಒತ್ತಿಕೊಂಡೇ ಕುಣದಾಡಿದ್ರು. ಹುಟ್ಟಿದಾಗಿಂದ ಮೊಟ್ಟಿ ಮುಟ್ಟದ ಮನುಷ್ಯ! "ನಾಳೇನೇ ಮಾಡಸು. ಹಸೀದು ತೂಗು, ಬೆಂದದ್ದು ತೂಗು, ಒಂದು ಬಾಟಲಿ ತುಂಬಿ ಮದ್ರಾಸಿನ ಲ್ಯಾಬೋರೇಟರಿಗೆ ಕಳಸೋಣ. ಪೂರಾ ಬೇಯಬೇಕು ನೋಡು, ಅರೆಬೆಂದದ್ದು ತಿಂದ್ರ ಹೊಟ್ಟ್ಯಾಗ ಹುಳ ಆಗ್ತಾವ."

ಮರುದಿನ ಹಂದಿ ಕೊಯ್ದ್ರು. ಕರುಳು ತೊಳ್ಯಾಕ ಜಂಬವ್ವ ಎದ್ದಾಗ ಓಬಳೇಶ ಬುಟ್ಟಿ ಕಸಗೊಂಡ. ಹೊಳ್ಯಾಗ ಮೊಣಕಾಲುದ್ದ ನೀರಾಗ ನಿಂತು, ಬಿದರ ಕಡ್ಡಿ ಹಾಕಿ ಕರುಳು ಒಳಗಿಂದ ಹೊರಗ ತಿರುವಿ, ಉಪ್ಪು, ಅರಿಶಿಣ ಹಚ್ಚಿ ತಿಕ್ಕಿದ. ಹದಿನೇಳು ವರ್ಷ ಆಗಿತ್ತು ಮಾಡಿ, ಬೆರಳು ಮರತಿರಲಿಲ್ಲ. ಹರಗೋಲಿನಾಗ ದಾಟೋ ಮಂದಿ ನೋಡಾಕ ಹತ್ತಿದ್ರು. ಒಬ್ಬ, "ಏ, ಅವ ತುಪ್ಪದ ಗಿಂಡಿ ಹಿಡದ ಸರ್ಕಾರಿ ತಕ್ಕಡಿ ಅಲ್ಲೇನಲೇ!" ಅಂತ ಕೂಗಿ ನಕ್ಕ. ಪ್ಯಾಟಿ ಓಣಿ ಹೆಂಗಸ್ರು ಆ ಗಿಂಡಿ ಹಿಡಕೊಂಡು ಹಿತ್ತಲಾಗ ಓಡಿದ್ದು ಓಬಳೇಶನ ಕಣ್ಣಿಗೆ ಬಂತು. ಅವರು ಇಲ್ಲದ್ದನ್ನ ತಂದು ಇಟ್ಟಿದ್ರು. ತಾನು ಇದ್ದದ್ದನ್ನ ನೂಕಿದ್ದ. ತಲಿ ಎತ್ತದಂಗ ತಿಕ್ಕಿದ, ಕೈ ಚರ್ಮ ಸುಲಿಯೋಹಂಗ ತಿಕ್ಕಿದ.

ತುಂಬಿದ್ದಾತು, ಕುದಿಸಿದ್ದಾತು, ಕೆಂಡದ ಮ್ಯಾಲ ಸುಟ್ಟದ್ದಾತು. ಈ ಸಲ ತಕ್ಕಡಿ ಹೊರಗ ತಂದು ಗಿಡದ ಕೆಳಗ ಎಲ್ಲಾರ ಮುಂದ ತೂಗಿದ. ಬಾಟಲಿ ಮದ್ರಾಸಿಗೆ ಹೋತು. ಅವತ್ತೇ ನಿಂಗಕ್ಕನ ತಾಟಿಗೆ ಮೊದಲ ತುಂಡು ಬಿತ್ತು.

ಒಂದು ತಿಂಗಳಿಗೆ ಕಾಗದ ಬಂತು. ಓಬಳೇಶ ಒಬ್ಬನೇ ಅದರ ಕನ್ನಡ ನಕಲು ತಗೊಂಡು ಹೊಳಿ ದಂಡಿಗೆ ಬಂದ, ಅದೂ ಹಾಡಹಗಲಾಗ, ಸಂತಿ ಮಂದಿ ನಡುವಿಂದಾನೇ. ಅವ್ವನ ಮುಂದ ಕುಂತು ಓದಿದ. "ನೂರು ಭಾಗದಾಗ ನೀರು ನಲವತ್ತೇಳು—"

"ನೀರು ಎಲ್ಲಿ ಹಾಕೀನ್ರಿ ನಾನು?" ಜಂಬವ್ವ ಸಟ್ಟನೆ ಅಂದ್ಲು. "ಕುದಿಸಿದ ನೀರು ಬಸದಿಲ್ಲೇನು? ಕೇರ್ಯಾಗ ಯಾರನ್ನರ ಕೇಳ್ರಿ!"

"ಮಾಂಸದಾಗೇ ಇರ್ತೈತವ್ವಾ, ನೀ ಹಾಕಿದ್ದಲ್ಲ. ಕೇಳಿಲ್ಲಿ. ಪ್ರೋಟೀನು ಹದಿನೆಂಟು. ಅದು ಮೈ ಕಟ್ಟೋದು. ಕೊಬ್ಬು ಇಪ್ಪತ್ತೊಂಬತ್ತು, ಅದು ಕಸುವು. ಉಳದದ್ದು ನುಚ್ಚು, ಉಪ್ಪು, ಖಾರ. ಬಾಯಿಹುಣ್ಣು ಬರದಂಗ, ಕಾಲು ಜೋಮು ಹಿಡೀದಂಗ ನೋಡಿಕೊಳ್ಳೋ ವೈಟಮಿನ್ನೂ ಐತಂತ. ಗಂಜ್ಯಾಗ ಇದರ ಹತ್ತನೇ ಪಾಲೂ ಇಲ್ಲ. ಡಾಕ್ಟರು ಗಂಜಿ ಸಾಕಾಗಂಗಿಲ್ಲ ಅಂತ ಬರದು ಕಳಸ್ಯಾರ."

ಹೊರಸಿನ ಮ್ಯಾಲ ನಿಂಗಕ್ಕ ಕೂಸಿಗೆ ಹಾಲು ಕುಡಸ್ತಿದ್ಲು. ತುಟಿಗೆ ಸಲ್ಪ ಬಣ್ಣ ಬಂದಿತ್ತು. "ಅಣ್ಣ ಕಾಗದ ಓದಿದ್ರ ನನಗ ಹಸಿವು ಜಾಸ್ತಿ ಆಗ್ತೈತವ್ವ" ಅಂದು ನಕ್ಲು. ಜಂಬವ್ವ ನಗಲಿಲ್ಲ. ತಾಟಿನಾಗ ಎರಡು ತುಂಡು ಹಾಕಿ, ಓಬಳೇಶನ ಮುಂದಿಟ್ಟು, "ತಿನ್ರಿ" ಅಂದ್ಲು.

"ನಾ ಹೊರಗಿನವ ಅಲ್ಲವ್ವಾ" ಅಂದ ಓಬಳೇಶ. "ಎಲ್ಲಾರ ಮುಂದ ಹೇಳೀನಿ. ಪುಸ್ತಕದಾಗೂ ಬರಸೀನಿ. ಇನ್ನೂ ಎಷ್ಟು ದಿನ ಹಿಂಗ ಮಾತಾಡ್ತಿ?"

ಜಂಬವ್ವ ಅವನ ಕಡೆ ತಿರುಗಿದ್ಲು.

"ಹೊರಗಿನೋರು ಬಂದು ಇದು ಊಟ ಅಲ್ಲ ಅಂತ ಸಾವಿರ ಸಲ ಅಂದಾರ. ಮೂಗು ಮುಚ್ಚಿಕೊಂಡು ಹೋಗ್ಯಾರ. ಯಾರ ಮಾತೂ ನಾ ಕೇಳಿದಾಕಿ ಅಲ್ಲ" ಅಂದ್ಲು. "ಹೊರಗಿನವ ಹೇಳಿದ ಅಂತ ನಾ ಮಗಳಿಗೆ ಗಂಜಿ ಕುಡಿಸಿಲ್ಲ. ನನ್ನ ಮಗ ಹೇಳಿದ ಅಂತ ಕುಡಿಸಿದೆ."

ಹೊರಗ ಹಂದಿ ಗುರುಗುಡೋ ಸಪ್ಪಳ, ಹೊಳಿ ಕಡೆ ಯಾರೋ ಬಟ್ಟಿ ಒಗಿಯೋ ಸಪ್ಪಳ. ಓಬಳೇಶ ತನ್ನ ಮುಂದಿದ್ದ ತಾಟು ಎತ್ತಿ ನಿಂಗಕ್ಕನ ಮಗ್ಗಲಾಗ ಇಟ್ಟ. ಆಮ್ಯಾಲ ಒಲಿ ಹತ್ತಿರ ಹೋಗಿ ಕುಂತು, ಆರಿದ ಒಲಿ ಊದಾಕ ಹತ್ತಿದ. ಹೊಗಿಗೆ ಕಣ್ಣಾಗ ನೀರು ಬರೋದು ಯಾರಿಗೂ ಹೊಸದಲ್ಲ, ಅದಕ್ಕ ಯಾರೂ ಏನೂ ಕೇಳಲಿಲ್ಲ.

ತಂಗಿ ತಿಂದ್ಲು, ಅವ್ವ ತಿಂದ್ಲು. ತಳದಾಗ ಒಂದು ತುಂಡು ಉಳದಿತ್ತು, ದಾರ ಕಟ್ಟಿದ ತುದಿ. ಜಂಬವ್ವ ಅದನ್ನ ಗಡಿಗ್ಯಾಗೇ ಬಿಟ್ಟು, ಗಡಿಗಿ ಅವನ ಕಡೆ ಸರಿಸಿ, ಕೈ ತೊಳ್ಯಾಕ ಹೊರಗ ಹೋದ್ಲು. ತಿನ್ನು ಅಂತನೂ ಅನ್ನಲಿಲ್ಲ, ತಿನ್ರಿ ಅಂತನೂ ಅನ್ನಲಿಲ್ಲ.

ಓಬಳೇಶ ಅದನ್ನ ಅಂಗೈಯಾಗ ಇಟ್ಟುಕೊಂಡ. ಎಷ್ಟು ತೊಲ ಅಂತ ಕೈ ಹೇಳಾಕ ಬಂತು. ಅವ ಕೇಳಲಿಲ್ಲ. ಬಾಯಿಗೆ ಹಾಕ್ಕೊಂಡ.